ಧೂಮಕೇತುಗಳೂ ಕ್ಷುದ್ರಗ್ರಹಗಳೂ

ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ದೇವಾಲಯದ ಬಳಿ, ನೆಲದಿಂದ ಮೇಲೆದ್ದು ನಿಂತಿರುವ ಹಳೆಯ ಬಂಡೆಯೊಂದಿದೆ. ಅದನ್ನು ಕಹಳೆಬಂಡೆಯೆಂದು ಕರೆಯುತ್ತಾರೆ. ಅಲ್ಲಿಗೆ ಸಮೀಪದಲ್ಲಿರುವ ಲಾಲ್‌ಬಾಗಿನ ಗುಡ್ಡವೂ ಅದೇ ಜಾತಿಯ ಶಿಲೆಯಿಂದಾದುದು. ಈ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕೆಂಪೇಗೌಡನು ಬೆಂಗಳೂರನ್ನು ಕಟ್ಟುವುದಕ್ಕೆ ಮೊದಲು, ಈ ನೆಲದಲ್ಲಿ ಮನುಷ್ಯನು ಹೆಜ್ಜೆಯಿಡುವುದಕ್ಕೆ ಮೊದಲು, ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯಾದರೂ ಮೊಳೆಯುವುದಕ್ಕೆ ಮೊದಲು ಈ ಬಂಡೆಯು ಇಲ್ಲಿತ್ತು. ಇದಕ್ಕಿಂತ ಪ್ರಾಚೀನವಾದ ವಸ್ತು ಮನುಷ್ಯನ ಕೈಗೆ ಸಿಕ್ಕುವುದು ಸಾಧ್ಯವೇ ಎಂದು ಯಾರಿಗಾದರೂ ಅನ್ನಿಸಬಹುದು.

ಸಾಧ್ಯವಿದೆ. ಆಗಾಗ ಆಕಾಶದಿಂದ ಭೂಮಿಗೆ ಬೀಳುವ ಕಲ್ಲುಗಳಲ್ಲಿ ಅನೇಕವು ಇದಕ್ಕಿಂತ ಬಹಳ ಹಿರಿಯವು. ಅವುಗಳ ವಯಸ್ಸು ಸುಮಾರು 456 ಕೋಟಿ ವರ್ಷಗಳು. ಎಂದರೆ ಸೂರ್ಯನೂ ಗ್ರಹಗಳೂ ರೂಪುಗೊಳ್ಳುತ್ತಿದ್ದ ಕಾಲದವು. ಭೂಮಿಯೂ ಅದೇ ಕಾಲದಲ್ಲಿ ಹುಟ್ಟಿದುದಾದರೂ ಅದರ ಮೊದಲ ಶಿಲೆಗಳು ಉಳಿದುಬಂದಿಲ್ಲ. ದೊಡ್ಡ ಗಾತ್ರದ ಈ ಗ್ರಹದ ಒಡಲು ಕಾದು ಕರಗಿತು. ಭಾರವಾದ ಕಬ್ಬಿಣವು ಕೆಳಗಿಳಿಯಿತು. ಜ್ವಾಲಾಮುಖಿಗಳು ಹಳೆಯ ನೆಲವನ್ನು ಮುಚ್ಚಿದುವು. ಮಳೆ, ಗಾಳಿ, ನದಿಗಳು ಉಳಿದುದನ್ನು ಸವೆಸಿದುವು. ಕಿರಿಯ ಕಾಯಗಳಾದರೋ ಬೇಗನೆ ತಣ್ಣಗಾಗಿ, ಹೆಚ್ಚು ಮಾರ್ಪಾಡಿಲ್ಲದೆ ಉಳಿದುವು. ಹಳೆಯ ಕಾವ್ಯವೊಂದನ್ನು ನೂರಾರು ಲಿಪಿಕಾರರು ತಿದ್ದಿ ತಿದ್ದಿ ನಕಲು ಮಾಡಿದ ಬಳಿಕ ಮೂಲಪಾಠವು ಮರೆಯಾಗುತ್ತದೆ. ಯಾವುದೋ ಮನೆಯ ಅಟ್ಟದಲ್ಲಿ ಯಾರೂ ಮುಟ್ಟದೆ ಉಳಿದ ತಾಳೆಗರಿಯ ಕಟ್ಟೊಂದು ದೊರೆತರೆ ವಿದ್ವಾಂಸರಿಗೆ ಆಗುವ ಸಂತೋಷವು ಹೇಳತೀರದು. ಸೌರಮಂಡಲದ ಚರಿತ್ರೆಯನ್ನು ಓದುವವರಿಗೆ ಕ್ಷುದ್ರಗ್ರಹಗಳೂ ಧೂಮಕೇತುಗಳೂ ಅಂತಹ ತಾಳೆಗರಿಯ ಕಟ್ಟುಗಳು.

ಸೂರ್ಯನ ಸುತ್ತ ಎಂಟು ಗ್ರಹಗಳು ಸುತ್ತುತ್ತಿರುವುದನ್ನು ಎಲ್ಲರೂ ಬಲ್ಲರು. ಆದರೆ ಆ ಪರಿವಾರವು ಎಂಟಕ್ಕೆ ಮುಗಿಯುವುದಿಲ್ಲ. ಮುಖ್ಯವಾಗಿ ಮಂಗಳ ಮತ್ತು ಗುರು ಗ್ರಹಗಳ ನಡುವಣ ವಿಶಾಲವಾದ ಪಟ್ಟಿಯಲ್ಲಿ ಕಲ್ಲು ಮತ್ತು ಲೋಹಗಳ ಅಸಂಖ್ಯ ಪಿಂಡಗಳು ಸುತ್ತುತ್ತಿವೆ, ಇವು ಕ್ಷುದ್ರಗ್ರಹಗಳು. ಇಂದು ಹತ್ತು ಲಕ್ಷಕ್ಕೂ ಹೆಚ್ಚು ಕ್ಷುದ್ರಗ್ರಹಗಳ ಕಕ್ಷೆಗಳು ತಿಳಿದಿವೆ. ಗ್ರಹಗಳ ಆಚೆಗಿನ ಕಡುಶೀತದಲ್ಲಿ ಮಂಜು ಮತ್ತು ದೂಳಿನಿಂದಾದ ಪಿಂಡಗಳಿವೆ. ಅವುಗಳಲ್ಲಿ ಕೆಲವು ದಾರಿ ತಪ್ಪಿ ಸೂರ್ಯನತ್ತ ಬಂದಾಗ ಕಾವಿಗೆ ಸಿಕ್ಕಿ ಬಾಲ ತಳೆಯುತ್ತವೆ, ಇವು ಧೂಮಕೇತುಗಳು. ಇವೆರಡರಿಂದಲೂ ಉದುರಿದ ಚೂರುಗಳು ಭೂಮಿಯ ವಾಯುಮಂಡಲವನ್ನು ಹೊಕ್ಕು ಉರಿದರೆ ಅವು ಉಲ್ಕೆಗಳು. ಉರಿದು ಮುಗಿಯದೆ ನೆಲಕ್ಕೆ ಬಿದ್ದರೆ ಉಲ್ಕಾಶಿಲೆಗಳು. ಹಳ್ಳಿಯ ಜನರು ಧೂಮಕೇತುವನ್ನು ಬಾಲಚುಕ್ಕಿಯೆಂದೂ, ಉಲ್ಕೆ ಹಾರುವುದನ್ನು ಚುಕ್ಕಿ ಬೀಳುವುದೆಂದೂ ಕರೆದರು. ಬಿದ್ದುದು ಚುಕ್ಕಿಯಲ್ಲ, ಮರಳಿನ ಕಣದಷ್ಟು ಸಣ್ಣ ಚೂರು ಎಂಬುದು ಬಹಳ ಕಾಲದ ಮೇಲೆ ತಿಳಿದು ಬಂದ ಸಂಗತಿ.

ಆಕಾಶದ ಎಲ್ಲ ಚಲನೆಗಳೂ ಪ್ರಾಚೀನರಿಗೆ ಭಯವನ್ನುಂಟು ಮಾಡಲಿಲ್ಲ. ಬಸವನಗುಡಿಗೆ ಹೊಂದಿಕೊಂಡಿರುವ ಗವಿಪುರದಲ್ಲಿ ಗವಿ ಗಂಗಾಧರೇಶ್ವರನ ಗುಹಾದೇವಾಲಯವಿದೆ. ಪ್ರತಿ ವರ್ಷ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣವು ನಂದಿಯ ಕೋಡುಗಳ ನಡುವೆ ಹಾದು ಗರ್ಭಗುಡಿಯ ಲಿಂಗದ ಮೇಲೆ ಬೀಳುತ್ತದೆ. ಆ ನೋಟಕ್ಕಾಗಿ ಜನರು ಮುಂಚಿತವಾಗಿಯೇ ಬಂದು ಕಾಯುತ್ತಾರೆ. ಸೂರ್ಯನು ಯಾವ ದಿನ ಎಲ್ಲಿರುವನೆಂಬುದು ಲೆಕ್ಕಕ್ಕೆ ಸಿಕ್ಕಿದ ವಿಷಯ. ಲೆಕ್ಕಕ್ಕೆ ಸಿಕ್ಕಿದುದು ಹಬ್ಬವಾಗುತ್ತದೆ. ಗ್ರಹಣವು ಕೂಡ ಪಂಚಾಂಗದಲ್ಲಿ ಮುಂದಾಗಿಯೇ ಬರೆದಿರುತ್ತದೆ. ಆದರೆ ಧೂಮಕೇತುವು ಯಾವ ಪಂಚಾಂಗಕ್ಕೂ ತಿಳಿಸದೆ ಬರುತ್ತಿತ್ತು. ಆರನೆಯ ಶತಮಾನದ ವರಾಹಮಿಹಿರನು ತನ್ನ 'ಬೃಹತ್ಸಂಹಿತೆ'ಯಲ್ಲಿ ಕೇತುಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅವುಗಳ ಉದಯಾಸ್ತಗಳನ್ನು ಗಣಿತದಿಂದ ತಿಳಿಯಲು ಬರುವುದಿಲ್ಲವೆಂದು ಅವನು ಅಲ್ಲಿ ಹೇಳುತ್ತಾನೆ. ಲೆಕ್ಕಕ್ಕೆ ಸಿಕ್ಕದ ಅತಿಥಿಯನ್ನು ಜನರು ಅಪಶಕುನವೆಂದು ತಿಳಿದರು. ರಾಜನ ಮರಣ, ಕ್ಷಾಮ, ಯುದ್ಧ, ಸಾಂಕ್ರಾಮಿಕ ರೋಗ ಇವೆಲ್ಲಕ್ಕೂ ಅದೇ ಕಾರಣವೆಂಬ ನಂಬಿಕೆಯು ಭಾರತದಲ್ಲಿ ಮಾತ್ರವಲ್ಲದೆ ಚೀನ, ಯೂರೋಪು ಮೊದಲಾದ ಕಡೆಗಳಲ್ಲಿಯೂ ಬೇರೂರಿತು.

ಈ ಅತಿಥಿಯನ್ನು ಲೆಕ್ಕಕ್ಕೆ ಸಿಕ್ಕಿಸಿದವನು ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ. ಅವನ ಮಿತ್ರನಾದ ನ್ಯೂಟನ್ನನು ಗುರುತ್ವಾಕರ್ಷಣೆಯ ನಿಯಮವನ್ನು 1687ರಲ್ಲಿ ಪ್ರಕಟಿಸಿದ್ದನು. ಆ ನಿಯಮವನ್ನು ಆಧರಿಸಿ ಹ್ಯಾಲಿಯು ಹಿಂದೆ ಕಾಣಿಸಿಕೊಂಡಿದ್ದ ಇಪ್ಪತ್ತನಾಲ್ಕು ಧೂಮಕೇತುಗಳ ಕಕ್ಷೆಗಳನ್ನು ಗುಣಿಸಿದನು. 1531, 1607 ಮತ್ತು 1682ರಲ್ಲಿ ಕಂಡ ಮೂರು ಧೂಮಕೇತುಗಳ ದಾರಿಯು ಹೆಚ್ಚು ಕಡಿಮೆ ಒಂದೇ ಆಗಿರುವುದು ಅವನ ಗಮನಕ್ಕೆ ಬಂದಿತು. ಅವು ಮೂರಲ್ಲ, ಸುಮಾರು 76 ವರ್ಷಗಳಿಗೊಮ್ಮೆ ಮರಳಿ ಬರುವ ಒಂದೇ ಧೂಮಕೇತು ಎಂದು ಅವನು 1705ರಲ್ಲಿ ಸಾರಿದನು. 1758ರ ಸುಮಾರಿಗೆ ಅದು ಮತ್ತೆ ಬರುವುದೆಂದೂ ತಿಳಿಸಿದನು. ಆ ಕಾಲಕ್ಕೆ ತಾನು ಬದುಕಿರಲಾರನೆಂಬುದು ಅವನಿಗೆ ತಿಳಿದೇ ಇತ್ತು. 1742ರಲ್ಲಿ ಅವನು ತೀರಿಕೊಂಡನು. 1758ರ ಡಿಸೆಂಬರ್ 25ರ ರಾತ್ರಿ ಜರ್ಮನಿಯ ಪಾಲಿಚ್ ಎಂಬ ರೈತನು ತನ್ನ ದೂರದರ್ಶಕದಲ್ಲಿ ಅದನ್ನು ಮೊದಲು ಕಂಡನು. ಹೇಳಿದವನು ಇಲ್ಲದಿದ್ದರೂ ಹೇಳಿದ ಮಾತು ನಿಜವಾಯಿತು. ಅಂದಿನಿಂದ ಅದು ಹ್ಯಾಲಿ ಧೂಮಕೇತು ಎಂಬ ಹೆಸರನ್ನು ಪಡೆಯಿತು.

ಈ ಧೂಮಕೇತುವು 1910ರಲ್ಲಿ ಮತ್ತೆ ಬಂದಾಗ ಬೆಂಗಳೂರಿನ ಹಲವು ಬಡಾವಣೆಗಳು ಇನ್ನೂ ಎಳೆಯವು. 1898ರ ಪ್ಲೇಗು ಮಾರಿಯ ತರುವಾಯ ಜನರು ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳಲ್ಲಿ ನೆಲೆಸತೊಡಗಿದ್ದರು. ನಗರದಲ್ಲಿ ವಿದ್ಯುದ್ದೀಪಗಳು ಬೆಳಗತೊಡಗಿ ಐದು ವರ್ಷಗಳಷ್ಟೇ ಆಗಿದ್ದುವು. ರಾತ್ರಿಯ ಆಕಾಶವು ಇಂದಿನಂತೆ ಮಸಕಾಗಿರಲಿಲ್ಲ. ಮೇ ತಿಂಗಳ ಮೊದಲ ಭಾಗದಲ್ಲಿ ಧೂಮಕೇತುವು ಸೂರ್ಯೋದಯಕ್ಕೆ ಮುನ್ನ ಪೂರ್ವದಲ್ಲಿಯೂ, ಆಮೇಲೆ ಸೂರ್ಯಾಸ್ತದ ತರುವಾಯ ಪಶ್ಚಿಮದಲ್ಲಿಯೂ ಕಾಣಿಸುವಂತಿತ್ತು. ಕೊಡೈಕನಾಲಿನ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಎಂಬ ಖಗೋಳವಿಜ್ಞಾನಿಯು ಅದರ ಛಾಯಾಚಿತ್ರಗಳನ್ನು ತೆಗೆದನು. ಅದೇ ಮೇ 6ರಂದು ಭಾರತದ ಚಕ್ರವರ್ತಿಯೂ ಆಗಿದ್ದ ಇಂಗ್ಲೆಂಡಿನ ಏಳನೆಯ ಎಡ್ವರ್ಡನು ತೀರಿಕೊಂಡನು. ಬಾಲಚುಕ್ಕಿ ಬಂದರೆ ಅರಸನಿಗೆ ಕೇಡೆಂದು ನಂಬಿದವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆ ವರ್ಷ ಹಳೆಯ ಭಯದೊಂದಿಗೆ ಹೊಸದೊಂದು ಭಯವೂ ಸೇರಿಕೊಂಡಿತು. ಧೂಮಕೇತುವಿನ ಬೆಳಕಿನ ವರ್ಣಪಟಲವನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದರಲ್ಲಿ ಸಯನೋಜೆನ್ ಎಂಬ ವಿಷಾನಿಲದ ಗುರುತನ್ನು ಕಂಡಿದ್ದರು. ಮೇ 18 ಮತ್ತು 19ರ ವೇಳೆಗೆ ಭೂಮಿಯು ಅದರ ಬಾಲದ ಹಾದಿಯಲ್ಲಿ ಸಾಗುವುದೆಂದು ಗೊತ್ತಾಯಿತು. ಈ ಎರಡು ನಿಜಗಳನ್ನು ಜೋಡಿಸಿ ಪತ್ರಿಕೆಗಳು ಒಂದು ಸುಳ್ಳನ್ನು ಹೆಣೆದುವು: ಪ್ರಪಂಚದ ಜನರೆಲ್ಲರೂ ವಿಷವಾಯುವಿನಿಂದ ಸಾಯುವರು! ಯೂರೋಪು ಅಮೆರಿಕಗಳ ನಗರಗಳಲ್ಲಿ ಜನರು ಬಾಗಿಲು ಕಿಟಕಿಗಳ ಸಂದುಗಳಿಗೆ ಬಟ್ಟೆ ತುರುಕಿದರು. ಧೂಮಕೇತುವಿನ ವಿಷಕ್ಕೆ ಮದ್ದೆಂದು ಗುಳಿಗೆಗಳನ್ನು ಮಾರಿ ಹಣ ಮಾಡಿಕೊಂಡವರೂ ಇದ್ದರು. ಓದು ಬರಹ ಬಲ್ಲವರೇ ಹೀಗೆ ನಡೆದುಕೊಂಡರೆಂಬುದು ಗಮನಾರ್ಹ. ಗೊತ್ತಾದ ದಿನ ಬಂದಿತು; ಕಳೆಯಿತು. ಯಾರಿಗೂ ಏನೂ ಆಗಲಿಲ್ಲ. ಏಕೆಂದರೆ ಧೂಮಕೇತುವಿನ ಬಾಲವು ನೋಟಕ್ಕೆ ಎಷ್ಟು ಭವ್ಯವೋ ವಸ್ತುವಿನಲ್ಲಿ ಅಷ್ಟು ಬಡವಾದುದು. ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ಉಂಟುಮಾಡುವ ನಿರ್ವಾತಕ್ಕಿಂತಲೂ ಅದು ತೆಳುವಾದುದು. ಅದರಲ್ಲಿರುವ ವಿಷಾನಿಲವು ಭೂಮಿಯ ದಟ್ಟವಾದ ವಾಯುಮಂಡಲಕ್ಕೆ ಯಾವ ಲೆಕ್ಕಕ್ಕೂ ಬಾರದು.

ಹಾಗಾದರೆ ಅಷ್ಟು ದೊಡ್ಡ ಬಾಲವು ಹುಟ್ಟುವುದು ಹೇಗೆ? ಧೂಮಕೇತುವಿನ ನಿಜವಾದ ಒಡಲು ಅದರ ನಾಭಿ. ಅದು ಕೆಲವೇ ಕಿಲೋಮೀಟರುಗಳಷ್ಟು ಅಗಲದ, ನೀರಿನ ಮಂಜು, ಇತರ ಹೆಪ್ಪುಗಟ್ಟಿದ ಅನಿಲಗಳು ಮತ್ತು ದೂಳು ಬೆರೆತ ಪಿಂಡ. 1950ರಲ್ಲಿ ಅಮೆರಿಕದ ಫ್ರೆಡ್ ವಿಪಲ್ ಎಂಬ ವಿಜ್ಞಾನಿಯು ಇದನ್ನು ಕೊಳೆಯಾದ ಮಂಜಿನ ಉಂಡೆಯೆಂದು ಬಣ್ಣಿಸಿದನು. ಹ್ಯಾಲಿ ಧೂಮಕೇತುವು 1986ರಲ್ಲಿ ಮರಳಿದಾಗ ಯೂರೋಪಿನ ಜೊಟ್ಟೋ ಎಂಬ ಆಕಾಶನೌಕೆಯು ಮಾರ್ಚ್ 14ರಂದು ಅದರಿಂದ ಸುಮಾರು 600 ಕಿಲೋಮೀಟರುಗಳಷ್ಟು ಹತ್ತಿರದಲ್ಲಿ ಹಾದು ಹೋಗಿ ನಾಭಿಯ ಚಿತ್ರಗಳನ್ನು ಕಳುಹಿಸಿತು. ಆಗ ಕಂಡುದು ಬೆಳ್ಳಗಿನ ಹಿಮದ ಗಡ್ಡೆಯಲ್ಲ. ಇದ್ದಿಲಿನಂತೆ ಕಪ್ಪಾದ, ಸುಮಾರು 15 ಕಿಲೋಮೀಟರ್ ಉದ್ದದ ಗುಡ್ಡ. ಮಲ್ಲೇಶ್ವರದಿಂದ ಬಸವನಗುಡಿಗೆ ನೇರವಾಗಿ ಇರುವ ದೂರದ ಸುಮಾರು ಎರಡರಷ್ಟು ಎಂದರೆ ಅದರ ಗಾತ್ರವು ಮನಸ್ಸಿಗೆ ನಿಲುಕೀತು. ಇಷ್ಟು ಚಿಕ್ಕ ಪಿಂಡದಿಂದ ಕೋಟ್ಯಂತರ ಕಿಲೋಮೀಟರ್ ಉದ್ದದ ಬಾಲವು ಹೊರಡುತ್ತದೆ.

ಸೂರ್ಯನಿಗೆ ಸಮೀಪಿಸಿದಂತೆ ನಾಭಿಯ ಮಂಜು ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಆವಿಯು ಚಿಮ್ಮುವಾಗ ದೂಳನ್ನೂ ಸೆಳೆದೊಯ್ಯುತ್ತದೆ. ನಾಭಿಯ ಸುತ್ತ ಇವೆರಡೂ ಹರಡಿದಾಗ ಧೂಮಕೇತುವಿನ ತಲೆಯು ರೂಪುಗೊಳ್ಳುತ್ತದೆ. ಸೂರ್ಯನ ಬೆಳಕು ದೂಳಿನ ಕಣಗಳನ್ನು ಮೆಲ್ಲನೆ ತಳ್ಳುವುದರಿಂದ ತುಸು ಬಾಗಿದ ದೂಳಿನ ಬಾಲವು ಹುಟ್ಟುತ್ತದೆ. ಸೂರ್ಯನಿಂದ ಎಡೆಬಿಡದೆ ಹೊರಹೊಮ್ಮುವ ವಿದ್ಯುದಾವಿಷ್ಟ ಕಣಗಳ ಪ್ರವಾಹಕ್ಕೆ ಸೌರಮಾರುತವೆಂದು ಹೆಸರು. ಅದು ಅನಿಲದ ಆವಿಷ್ಟ ಕಣಗಳನ್ನು ನೆಟ್ಟಗೆ ಒಯ್ಯುವುದರಿಂದ ನೀಲಿಯಾದ ಇನ್ನೊಂದು ಬಾಲವು ಉಂಟಾಗುತ್ತದೆ. ಆದುದರಿಂದ ಬಾಲವು ಯಾವಾಗಲೂ ಸೂರ್ಯನಿಗೆ ವಿರುದ್ಧವಾದ ದಿಕ್ಕಿನಲ್ಲಿಯೇ ಇರುತ್ತದೆ. ಧೂಮಕೇತುವು ಸೂರ್ಯನನ್ನು ಬಳಸಿಕೊಂಡು ಹಿಂದಿರುಗುವಾಗ ಬಾಲವೇ ಮುಂದಾಗಿ ಸಾಗುತ್ತದೆ. ಆಸ್ಥಾನದಲ್ಲಿ ಅರಸನಿಗೆ ಬೆನ್ನು ತೋರದೆ ಹಿಂದಕ್ಕೆ ಹೆಜ್ಜೆಯಿಡುತ್ತ ಹೊರಗೆ ಬರುವ ಊಳಿಗದವನ ನಡೆಯನ್ನು ಇದು ನೆನಪಿಗೆ ತರುತ್ತದೆ.

ಪ್ರತಿ ಸಲ ಸೂರ್ಯನ ಬಳಿ ಬಂದಾಗಲೂ ಧೂಮಕೇತುವು ತನ್ನ ಮೈಯ ಕೆಲವು ಮೀಟರುಗಳಷ್ಟು ಪದರವನ್ನು ಕಳೆದುಕೊಳ್ಳುತ್ತದೆ. ಉದುರಿದ ದೂಳು ಅದರ ಕಕ್ಷೆಯುದ್ದಕ್ಕೂ ಹರಡಿಕೊಂಡಿರುತ್ತದೆ. ಭೂಮಿಯು ವರ್ಷಕ್ಕೊಮ್ಮೆ ಆ ದಾರಿಯನ್ನು ಹಾಯ್ದಾಗ ಉಲ್ಕೆಗಳ ಮಳೆ ಸುರಿಯುತ್ತದೆ. ಮೇ ತಿಂಗಳ ಮೊದಲ ವಾರದಲ್ಲಿಯೂ ಅಕ್ಟೋಬರ್ ತಿಂಗಳ ಮೂರನೆಯ ವಾರದಲ್ಲಿಯೂ ಕಾಣುವ ಉಲ್ಕೆಗಳು ಹ್ಯಾಲಿ ಧೂಮಕೇತುವಿನಿಂದ ಉದುರಿದ ದೂಳಿನಿಂದಾದುವು. ಹ್ಯಾಲಿಯನ್ನು ನೋಡಲು 76 ವರ್ಷ ಕಾಯಬೇಕು; ಅದರ ಚೂರುಗಳನ್ನು ನೋಡಲು ಕತ್ತಲೆಯ ಬಯಲೊಂದಿದ್ದರೆ ಸಾಕು.

ಕ್ಷುದ್ರಗ್ರಹಗಳ ಕಥೆಯು ಬೇರೆ ಬಗೆಯದು. ಅವು ಬಾಲ ತೋರಿಸಿ ತಮ್ಮ ಬರವನ್ನು ಸಾರುವುದಿಲ್ಲ. 1801ರ ಜನವರಿ 1ರಂದು ಸಿಸಿಲಿ ದ್ವೀಪದ ಪಲೆರ್ಮೋ ನಗರದಲ್ಲಿ ಪಿಯಾಜಿ ಎಂಬ ಪಾದ್ರಿಯು ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದಾಗ, ದಿನದಿನವೂ ತುಸುತುಸುವಾಗಿ ಜಾಗ ಬದಲಿಸುವ ಚುಕ್ಕಿಯೊಂದನ್ನು ಕಂಡನು. ಅದು ಬೇಗನೆ ಸೂರ್ಯನ ಬೆಳಕಿನಲ್ಲಿ ಮರೆಯಾಗಿ ಹೋಯಿತು. ಆಗ ಇಪ್ಪತ್ತನಾಲ್ಕು ವರ್ಷದ ತರುಣನಾಗಿದ್ದ ಗಾಸ್ ಎಂಬ ಗಣಿತಜ್ಞನು ಸಿಕ್ಕಿದ ಕೆಲವೇ ವೀಕ್ಷಣೆಗಳಿಂದ ಅದರ ಕಕ್ಷೆಯನ್ನು ಗುಣಿಸಿದನು. ಅವನು ತೋರಿಸಿದ ಎಡೆಯ ಸಮೀಪದಲ್ಲಿಯೇ ಅದು ವರ್ಷದ ಕೊನೆಗೆ ಮತ್ತೆ ದೊರೆಯಿತು. ಅದೇ ಸೀರೀಸ್. ಅದರ ವ್ಯಾಸವು ಸುಮಾರು 940 ಕಿಲೋಮೀಟರ್. ಬೀದರಿನಿಂದ ಚಾಮರಾಜನಗರದವರೆಗಿನ ಕರ್ನಾಟಕದ ಉದ್ದಕ್ಕಿಂತ ಹೆಚ್ಚು. 2006ರಿಂದ ಅದನ್ನು ಕುಬ್ಜಗ್ರಹವೆಂದೂ ಎಣಿಸುತ್ತಾರೆ. ಈ ಪಟ್ಟಿಯ ಎಲ್ಲ ಪಿಂಡಗಳನ್ನು ಒಟ್ಟುಗೂಡಿಸಿದರೂ ಚಂದ್ರನ ತೂಕದ ನೂರರಲ್ಲಿ ಮೂರು ನಾಲ್ಕು ಪಾಲಿಗಿಂತ ಹೆಚ್ಚಾಗದು. ಗುರುಗ್ರಹದ ಪ್ರಬಲವಾದ ಸೆಳೆತವು ಈ ಪಿಂಡಗಳನ್ನು ಒಂದುಗೂಡಿ ಗ್ರಹವಾಗಲು ಬಿಡಲಿಲ್ಲ. ಕಟ್ಟಡಕ್ಕೆಂದು ತಂದು ಹಾಕಿದ ಕಲ್ಲು ಗಾರೆಗಳು ಕಟ್ಟಡವಾಗದೆ ಹಾಗೆಯೇ ಉಳಿದಂತೆ ಅವು ಉಳಿದಿವೆ.

ಏಷ್ಯಾಖಂಡದಿಂದ ಮೊತ್ತಮೊದಲು ಕ್ಷುದ್ರಗ್ರಹವೊಂದನ್ನು ಕಂಡುಹಿಡಿದುದು ದಕ್ಷಿಣ ಭಾರತದಲ್ಲಿ ಎಂಬುದು ಹೆಮ್ಮೆಯ ಸಂಗತಿ. ಮದರಾಸಿನ ವೀಕ್ಷಣಾಲಯದಲ್ಲಿದ್ದ ನಾರ್ಮನ್ ಪಾಗ್‌ಸನ್ 1861ರ ಏಪ್ರಿಲ್ 17ರಂದು ಅದನ್ನು ಕಂಡನು. ಅದಕ್ಕೆ ಏಷ್ಯಾ ಎಂದೇ ಹೆಸರಾಯಿತು. 1885ರವರೆಗೆ ಅವನು ಅಲ್ಲಿಂದ ಇನ್ನೂ ನಾಲ್ಕನ್ನು ಕಂಡುಹಿಡಿದನು. ಆಮೇಲೆ ನೂರು ವರ್ಷಗಳಿಗೂ ಹೆಚ್ಚು ಕಾಲ ಭಾರತದ ನೆಲದಿಂದ ಹೊಸ ಕ್ಷುದ್ರಗ್ರಹವೊಂದೂ ಬೆಳಕಿಗೆ ಬರಲಿಲ್ಲ.

ಆ ದೀರ್ಘವಾದ ಮೌನವನ್ನು ಮುರಿದ ಕೀರ್ತಿಯು ಬೆಂಗಳೂರಿನಲ್ಲಿ ನೆಲೆಸಿದ ಭಾರತೀಯ ಖಭೌತ ಸಂಸ್ಥೆಗೆ ಸಲ್ಲಬೇಕು. ಈ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ವೇಣು ಬಾಪು ಅವರ ಹೆಸರು ಧೂಮಕೇತುವೊಂದರಲ್ಲಿಯೂ ಸೇರಿದೆ. 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಹೊಸ ಧೂಮಕೇತುವೊಂದನ್ನು ಕಂಡುಹಿಡಿದರು. ಅದರ ಶೋಧದಲ್ಲಿ ಪಾಲ್ಗೊಂಡ ಮೂವರ ಹೆಸರುಗಳನ್ನು ಕೂಡಿಸಿ ಅದನ್ನು ಬಾಪು-ಬಾಕ್-ನ್ಯೂಕಿರ್ಕ್ ಧೂಮಕೇತುವೆಂದು ಕರೆಯುತ್ತಾರೆ. ತಾಯ್ನಾಡಿಗೆ ಮರಳಿದ ಬಾಪು ಅವರು 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರಿನ ಕತ್ತಲೆಯ ಆಕಾಶವನ್ನು ಆರಿಸಿ ಅಲ್ಲಿ ಹೊಸ ವೀಕ್ಷಣಾಲಯವನ್ನು ಸ್ಥಾಪಿಸಿದರು. ಅವರು 1982ರಲ್ಲಿ ನಿಧನರಾದರು. 1986ರಲ್ಲಿ ಅಲ್ಲಿನ 2.34 ಮೀಟರ್ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಅವರ ಹೆಸರನ್ನೇ ಇಡಲಾಯಿತು.

ಕಾವಲೂರಿನಲ್ಲಿ ಆರ್. ರಾಜಮೋಹನ್ ಅವರ ನೇತೃತ್ವದಲ್ಲಿ ಕ್ಷುದ್ರಗ್ರಹ ಮತ್ತು ಧೂಮಕೇತುಗಳನ್ನು ಹುಡುಕುವ ಕಾರ್ಯವು 'ಕಲ್ಕಿ' ಎಂಬ ಹೆಸರಿನಲ್ಲಿ ನಡೆಯಿತು. ಹುಡುಕುವ ಬಗೆ ಹೀಗೆ: ಆಕಾಶದ ಒಂದೇ ಭಾಗವನ್ನು ಬೇರೆ ಬೇರೆ ವೇಳೆಯಲ್ಲಿ ಛಾಯಾಚಿತ್ರ ತೆಗೆದು ಹೋಲಿಸಬೇಕು. ನಕ್ಷತ್ರಗಳೆಲ್ಲ ಇದ್ದಲ್ಲಿಯೇ ಇರುತ್ತವೆ. ಒಂದು ಚುಕ್ಕಿ ಮಾತ್ರ ತುಸು ಸರಿದಿದ್ದರೆ ಅದು ಸೌರಮಂಡಲದ ಕಾಯ. ಸಾವಿರಾರು ಚುಕ್ಕಿಗಳ ನಡುವೆ ಸರಿದ ಒಂದನ್ನು ಗುರುತಿಸುವುದಕ್ಕೆ ಹದ್ದಿನ ಕಣ್ಣೂ ಭೂಮಿಯ ತಾಳ್ಮೆಯೂ ಬೇಕು. 1988ರ ಫೆಬ್ರವರಿ 17ರಂದು ಅಂತಹ ಚುಕ್ಕಿಯೊಂದು ಸಿಕ್ಕಿತು. 4130 ಎಂಬ ಕ್ರಮಾಂಕವನ್ನು ಪಡೆದ ಆ ಕ್ಷುದ್ರಗ್ರಹಕ್ಕೆ ಮಹಾ ಗಣಿತಜ್ಞರಾದ ಶ್ರೀನಿವಾಸ ರಾಮಾನುಜನ್ ಅವರ ಹೆಸರನ್ನು ಇಡಲಾಯಿತು. ಇಂದು ಇದೇ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತೇ, ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ನಡೆಸುತ್ತಾರೆ.

ದೂರದರ್ಶಕದವರೆಗೂ ಹೋಗದೆ, ತಾವಾಗಿಯೇ ಕನ್ನಡನಾಡಿನ ಮನೆಬಾಗಿಲಿಗೆ ಬಂದ ಆಕಾಶದ ಕಲ್ಲುಗಳೂ ಇವೆ. 1865ರ ಸೆಪ್ಟೆಂಬರ್ 21ರಂದು ಮೈಸೂರು ಸೀಮೆಯಲ್ಲಿ ಬಿದ್ದ ಕಲ್ಲೊಂದು ಉಲ್ಕಾಶಿಲೆಗಳ ಪಟ್ಟಿಯಲ್ಲಿ 'ಮುದ್ದೂರ್' ಎಂಬ ಹೆಸರಿನಿಂದ ಸೇರಿದೆ. ಮರುವರ್ಷದ ಏಪ್ರಿಲಿನಲ್ಲಿ ಬಿದ್ದ ಇನ್ನೊಂದಕ್ಕೆ ಉಡುಪಿಯ ಹೆಸರಿದೆ. ಎರಡೂ ಕ್ಷುದ್ರಗ್ರಹಗಳಿಂದ ಸಿಡಿದು ಬಂದ ಸಾಮಾನ್ಯ ಜಾತಿಯ ಉಲ್ಕಾಶಿಲೆಗಳು. ಕೆಲವೇ ಕಿಲೋಗ್ರಾಮುಗಳಷ್ಟು ತೂಕದವು. ಕಹಳೆಬಂಡೆಗಿಂತ 150 ಕೋಟಿ ವರ್ಷಗಳಷ್ಟು ಹಿರಿದಾದ ವಸ್ತುವು ಹೊಲದ ಮಣ್ಣಿನಲ್ಲಿ ದೊರೆಯಬಹುದೆಂಬುದಕ್ಕೆ ಇವು ನಿದರ್ಶನ.

ಇಂತಹ ಚಿಕ್ಕ ಕಲ್ಲುಗಳಿಂದ ಅಪಾಯವಿಲ್ಲ. ಆದರೆ ಎಲ್ಲವೂ ಚಿಕ್ಕವಾಗಿರುವುದಿಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹತ್ತು ಕಿಲೋಮೀಟರುಗಳಷ್ಟು ಅಗಲದ ಕಾಯವೊಂದು ಇಂದಿನ ಮೆಕ್ಸಿಕೋ ದೇಶದ ಕರಾವಳಿಯಲ್ಲಿ ಅಪ್ಪಳಿಸಿತು. ಎದ್ದ ದೂಳು ಮತ್ತು ಹೊಗೆಯಿಂದ ಬಿಸಿಲು ಮುಚ್ಚಿಹೋಗಿ ದೈತ್ಯ ಸರೀಸೃಪಗಳಾದ ಡೈನೋಸಾರುಗಳೂ ಇತರ ಅಸಂಖ್ಯ ಜೀವಿಗಳೂ ಅಳಿದುವು. ಮಹಾರಾಷ್ಟ್ರದ ಲೋಣಾರಿನಲ್ಲಿ ಗಟ್ಟಿಯಾದ ಕಪ್ಪು ಶಿಲೆಯ ನೆಲದಲ್ಲಿ ಸುಮಾರು 1.8 ಕಿಲೋಮೀಟರ್ ಅಗಲದ ದುಂಡನೆಯ ಕುಳಿಯೊಂದಿದೆ. ಅದರಲ್ಲಿ ಇಂದು ಸರೋವರವು ನೆಲೆಸಿದೆ. ಅದು ಕೂಡ ಇಂತಹ ಅಪ್ಪಳಿಕೆಯ ಗುರುತು.

ಇಲ್ಲಿ ಇತಿಹಾಸದ ಒಂದು ವಿಚಿತ್ರವನ್ನು ಗಮನಿಸಬೇಕು. 1910ರಲ್ಲಿ ಪ್ರಪಂಚವು ನಿರಪಾಯಕಾರಿಯಾದ ಬಾಲವೊಂದಕ್ಕೆ ಹೆದರಿ ನಡುಗಿತು. ಅದಕ್ಕೆ ಎರಡೇ ವರ್ಷ ಮೊದಲು, 1908ರ ಜೂನ್ 30ರಂದು, ಸೈಬೀರಿಯದ ತುಂಗುಸ್ಕಾ ನದಿಯ ಮೇಲಣ ಆಕಾಶದಲ್ಲಿ ನಿಜವಾದ ಅಪಾಯವೊಂದು ಎರಗಿತ್ತು. ಅಂದು ಸಿಡಿದ ಪಿಂಡವು 2,000 ಚದರ ಕಿಲೋಮೀಟರುಗಳಿಗೂ ಹೆಚ್ಚಿನ ಕಾಡನ್ನು ನೆಲಕ್ಕೆ ಕೆಡವಿತು. ಜನವಸತಿಯಿಲ್ಲದ ಆ ಎಡೆಗೆ ವಿಜ್ಞಾನಿಗಳ ತಂಡವು ತಲುಪಿದುದು 1927ರಲ್ಲಿ! ನಿಜವಾದ ಅಪಾಯವು ಯಾರ ಗಮನಕ್ಕೂ ಬಾರದೆ ಕಳೆದು ಹೋಯಿತು. ಇಲ್ಲದ ಅಪಾಯವು ಊರೂರಿನ ನಿದ್ದೆಗೆಡಿಸಿತು. ಹೆದರಬೇಕಾದುದು ಯಾವುದು, ಹೆದರಬೇಕಾಗಿಲ್ಲದುದು ಯಾವುದು ಎಂಬ ವಿವೇಕವು ಕಣ್ಣಿಗೆ ಕಂಡ ಮಾತ್ರಕ್ಕೆ ಬರುವುದಿಲ್ಲ. ಅಳೆದು ಗುಣಿಸಿ ತಿಳಿದಾಗ ಬರುತ್ತದೆ.

ಈ ವಿವೇಕವು ಇಂದು ಬಹಳ ಮುಂದುವರಿದಿದೆ. 2013ರ ಫೆಬ್ರವರಿ 15ರಂದು ರಷ್ಯದ ಚೆಲ್ಯಾಬಿನ್‌ಸ್ಕ್ ನಗರದ ಮೇಲೆ ಸುಮಾರು 20 ಮೀಟರ್ ಅಗಲದ ಪಿಂಡವೊಂದು ಮುನ್ಸೂಚನೆಯಿಲ್ಲದೆ ಬಂದು ಸಿಡಿಯಿತು. ಬೆಳಕನ್ನು ಕಂಡ ಜನರು ಕಿಟಕಿಗಳ ಬಳಿಗೆ ಧಾವಿಸಿದರು. ಬೆಳಕಿನ ಹಿಂದೆಯೇ ಬಂದ ಗಾಳಿಯ ಹೊಡೆತಕ್ಕೆ ಗಾಜುಗಳು ಒಡೆದು ಸುಮಾರು 1,500 ಮಂದಿ ಗಾಯಗೊಂಡರು. ಮಿಂಚು ಮೊದಲು, ಗುಡುಗು ಆಮೇಲೆ ಎಂಬ ಚಿಕ್ಕ ಪಾಠವನ್ನು ನೆನೆದು ಕಿಟಕಿಯಿಂದ ದೂರ ಸರಿದಿದ್ದರೆ ಅನೇಕರ ಗಾಯಗಳು ತಪ್ಪುತ್ತಿದ್ದುವು. 2022ರ ಸೆಪ್ಟೆಂಬರ್ 26ರಂದು ಅಮೆರಿಕದ ವಿಜ್ಞಾನಿಗಳು ಡಾರ್ಟ್ ಎಂಬ ನೌಕೆಯನ್ನು ಡೈಮಾರ್ಫಸ್ ಎಂಬ ಕಿರುಪಿಂಡಕ್ಕೆ ಬೇಕೆಂದೇ ಡಿಕ್ಕಿ ಹೊಡೆಸಿದರು. ಅದು ತನ್ನ ಜೊತೆಯ ಕ್ಷುದ್ರಗ್ರಹವನ್ನು ಸುತ್ತುವ ಕಾಲವು 11 ಗಂಟೆ 55 ನಿಮಿಷಗಳಿಂದ ಸುಮಾರು ಅರ್ಧ ಗಂಟೆಯಷ್ಟು ಕಡಿಮೆಯಾಯಿತು. ಆಕಾಶದ ಕಾಯವೊಂದರ ಚಲನೆಯನ್ನು ಮನುಷ್ಯನು ಉದ್ದೇಶಪೂರ್ವಕವಾಗಿ ಬದಲಿಸಿದುದು ಅದೇ ಮೊದಲು. ಸಾಕಷ್ಟು ಮುಂಚಿತವಾಗಿ ಗೊತ್ತಾದರೆ ಭೂಮಿಯತ್ತ ಬರುವ ಕಾಯವನ್ನು ತುಸು ಪಕ್ಕಕ್ಕೆ ಸರಿಸಬಹುದೆಂಬ ಭರವಸೆ ಇದರಿಂದ ಮೂಡಿದೆ. ಮುಂಚಿತವಾಗಿ ತಿಳಿಯುವುದೇ ಇಲ್ಲಿ ಮುಖ್ಯ; ಕಾವಲೂರಿನಲ್ಲಿ ನಡೆದಂತಹ ತಾಳ್ಮೆಯ ಹುಡುಕಾಟದ ಬೆಲೆಯು ಇದರಲ್ಲಿದೆ.

2029ರ ಏಪ್ರಿಲ್ 13ರಂದು, ಭಾರತದ ಕಾಲಮಾನದಂತೆ 14ರ ನಸುಕಿನಲ್ಲಿ, ಅಪೋಫಿಸ್ ಎಂಬ ಕ್ಷುದ್ರಗ್ರಹವು ಭೂಮಿಯ ನೆಲದಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದು ಹೋಗಲಿದೆ. ದೂರದರ್ಶನದ ಪ್ರಸಾರಕ್ಕೆ ಬಳಸುವ ಉಪಗ್ರಹಗಳಿಗಿಂತಲೂ ಇದು ಸಮೀಪ. ಆದರೂ ಅದು ಭೂಮಿಗೆ ಅಪ್ಪಳಿಸುವುದಿಲ್ಲವೆಂದು ನಿಖರವಾದ ಲೆಕ್ಕಾಚಾರವು ತೋರಿಸಿಕೊಟ್ಟಿದೆ. ಆ ದಿನ ಸಮೀಪಿಸಿದಾಗ 1910ರ ಗುಳಿಗೆ ಮಾರುವವರಂತಹ ಜನರು ಮತ್ತೆ ತಲೆಯೆತ್ತಿದರೆ ಆಶ್ಚರ್ಯವಿಲ್ಲ. ಅವರಿಗೆ ಮರುಳಾಗದಿರಲು ಬೇಕಾದುದು ಧೈರ್ಯವಲ್ಲ, ತಿಳಿವಳಿಕೆ.

ಆ ತಿಳಿವಳಿಕೆಯನ್ನು ಜನರ ಭಾಷೆಯಲ್ಲಿ ಜನರ ಬಳಿಗೆ ಒಯ್ಯುವ ಕೆಲಸಕ್ಕೆ ಬೆಂಗಳೂರಿನಲ್ಲಿ ದೀರ್ಘವಾದ ಪರಂಪರೆಯಿದೆ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ಯರು 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಇಂದು ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತಿನ ಆರಂಭದ ದಿನಗಳಲ್ಲಿ ದುಡಿದವರಲ್ಲಿ ವೆಂಕಟನಾರಣಪ್ಪನವರೂ ಒಬ್ಬರು. ಪಂಪನ ಕಾವ್ಯವನ್ನು ಸಂಪಾದಿಸಿದ ಕೈಯೇ ವಿಜ್ಞಾನಕ್ಕೆ ಕನ್ನಡದ ಮಾತುಗಳನ್ನೂ ಹೊಂದಿಸಿತು. 1962ರಲ್ಲಿ ಡಾ. ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿ ವಾರವಾರವೂ ಉಪನ್ಯಾಸಗಳು ನಡೆಯುವಂತೆ ಮಾಡಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ಅವರು ಜೀವಮಾನವಿಡೀ ಸಾರಿದ ತತ್ತ್ವ. 1989ರಲ್ಲಿ ನಗರದಲ್ಲಿ ಜವಾಹರಲಾಲ್ ನೆಹರೂ ತಾರಾಲಯವು ತೆರೆಯಿತು. ಇಂತಹ ಶ್ರಮದ ಫಲವು ವ್ಯರ್ಥವಾಗಿಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಎಂಬ ಧೂಮಕೇತುವು ನಸುಕಿನ ಪೂರ್ವಾಕಾಶದಲ್ಲಿ ಕಾಣಿಸಿಕೊಂಡಾಗ ಬೆಂಗಳೂರಿನ ಅನೇಕರು ಬಾಗಿಲು ಮುಚ್ಚಿಕೊಳ್ಳಲಿಲ್ಲ. ಕ್ಯಾಮೆರಾ ಹಿಡಿದು ಹೊರಗೆ ಬಂದರು.

ಹ್ಯಾಲಿ ಧೂಮಕೇತುವು 2023ರ ಡಿಸೆಂಬರಿನಲ್ಲಿ ತನ್ನ ಕಕ್ಷೆಯ ಅತಿ ದೂರದ ತುದಿಯನ್ನು ಮುಟ್ಟಿ ಸೂರ್ಯನತ್ತ ಮರಳತೊಡಗಿದೆ. 2061ರ ಜುಲೈ ತಿಂಗಳಲ್ಲಿ ಅದು ಸೂರ್ಯನ ಬಳಿ ಸೇರುತ್ತದೆ. ಇಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರಿಗೆ ಆಗ ಐವತ್ತರ ಆಸುಪಾಸಿನ ವಯಸ್ಸು; ಅವರ ಮಕ್ಕಳು ಅವರ ಕೈಹಿಡಿದು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದ ಕಾಲ. ಅದನ್ನು ನೋಡಲು ನಗರದ ದೀಪಗಳ ನಡುವೆ ಒಂದಿಷ್ಟು ಕತ್ತಲೆಯು ಉಳಿದಿರಬೇಕು. ಅದನ್ನು ಅರಿಯಲು ಹ್ಯಾಲಿಯು ತೋರಿದಂತಹ ನಂಬಿಕೆ ಬೇಕು: ತಾನು ಕಾಣದಿದ್ದರೂ ಸರಿ, ಸರಿಯಾಗಿ ಮಾಡಿದ ಲೆಕ್ಕವು ಮುಂದಿನವರ ಕಣ್ಣಿಗೆ ದಾರಿ ತೋರುತ್ತದೆ.